ರಸ್ತೆ ಕೊನೆಯ ಕಚೇರಿ: ಕಾನ್ಸಾಸ್‌ನ ಕಾಟನ್‌ವುಡ್ ಫಾಲ್ಸ್‌ನಲ್ಲಿ ನಾಲ್ಕು ದಿನ

ವಿಚಿಟಾದಲ್ಲಿರುವ ತಮ್ಮನ ಮನೆಗೆ ಬಂದು ಒಂದು ತಿಂಗಳಾಗಿತ್ತು. "ಅಕ್ಕಾ, ಶಿಕಾಗೋ ನೋಡ್ತೀಯಾ, ಡೆನ್ವರ್ ನೋಡ್ತೀಯಾ?" ಅಂತ ಅವನು ದಿನಾ ಕೇಳುತ್ತಿದ್ದ. ನನಗೆ ನೋಡಬೇಕಿದ್ದದ್ದು ಒಂದು ಸಣ್ಣ ಊರು. ತರೀಕೆರೆ ತಾಲ್ಲೂಕು ಕಚೇರಿಯಲ್ಲಿ 31 ವರ್ಷ ಕೆಲಸ ಮಾಡಿದವಳು ನಾನು. ಅದರಲ್ಲಿ ಬಹುಪಾಲು ರೆಕಾರ್ಡ್ ರೂಮಿನಲ್ಲೇ ಕಳೆಯಿತು. ಈ ದೇಶದ ತಾಲ್ಲೂಕು ಕಚೇರಿ ಹೇಗಿರುತ್ತೆ, ಜಮೀನಿನ ಪುಸ್ತಕ ಯಾರು ಇಟ್ಟುಕೊಂಡಿರುತ್ತಾರೆ ಅನ್ನುವ ಕುತೂಹಲ ನನಗೆ ಮೊದಲಿನಿಂದಲೂ ಇತ್ತು.

ಕಾನ್ಸಾಸ್ ರಾಜ್ಯದಲ್ಲಿ 105 ಕೌಂಟಿಗಳಿವೆ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕಿನ ಹಾಗೆ. ಪ್ರತಿ ಕೌಂಟಿಗೂ ಒಂದು ಕೇಂದ್ರದ ಊರು. ಅದನ್ನು ಕೌಂಟಿ ಸೀಟ್ ಅನ್ನುತ್ತಾರೆ. ಕೋರ್ಟು, ಜಮೀನು ದಾಖಲೆ, ತೆರಿಗೆ ಕಟ್ಟುವ ಜಾಗ, ಶೆರೀಫ್ ಕಚೇರಿ ಎಲ್ಲ ಅಲ್ಲೇ. ನಾವು ಆರಿಸಿಕೊಂಡದ್ದು ಚೇಸ್ ಕೌಂಟಿ. ಅದರ ಕೇಂದ್ರ ಕಾಟನ್‌ವುಡ್ ಫಾಲ್ಸ್. 2020ರ ಜನಗಣತಿಯಲ್ಲಿ ಅಲ್ಲಿದ್ದದ್ದು 851 ಜನ. ತಮ್ಮನಿಗೆ ರಜೆ ಸಿಗಲಿಲ್ಲ. ಅವನ ಮಗಳು ಪುಟ್ಟಿ, "ನಾನು ಡ್ರೈವ್ ಮಾಡ್ತೀನಿ ಅತ್ತೆ, ನೀವು ಬರೀ ಜೊತೆಗಿರಿ" ಅಂದಳು. ಅವಳು ಓದುತ್ತಿರುವುದು ವಿಮಾನದ ಇಂಜಿನಿಯರಿಂಗ್.

ಮೊದಲ ದಿನ, ಗುರುವಾರ

ಮೇ ತಿಂಗಳ ಕೊನೆಯ ವಾರ. ವಿಚಿಟಾದಿಂದ ಟರ್ನ್‌ಪೈಕ್ ಅನ್ನುವ ಟೋಲ್ ಹೆದ್ದಾರಿ ಹಿಡಿದು ಈಶಾನ್ಯಕ್ಕೆ ಹೊರಟೆವು. ಕ್ಯಾಸೊಡೇ ಅನ್ನುವ ಪುಟ್ಟ ಊರಿನಲ್ಲಿ ಹೆದ್ದಾರಿ ಬಿಟ್ಟು 177ನೇ ನಂಬರಿನ ರಸ್ತೆಗೆ ಇಳಿದೆವು. ನೀವು ಹೋಗುವುದಾದರೆ ಹೀಗೇ ಹೋಗಿ, ಆದರೆ ಅದಕ್ಕೂ ಮೊದಲೇ ಟ್ಯಾಂಕ್ ತುಂಬಿಸಿಕೊಳ್ಳಿ. ಮುಂದೆ ತುಂಬಾ ದೂರ ಏನೂ ಸಿಗುವುದಿಲ್ಲ. ಮೊಬೈಲ್ ಸಿಗ್ನಲ್ ಕೂಡ ಬಂದು ಹೋಗಿ ಮಾಡುತ್ತೆ.

ಹೆದ್ದಾರಿ ಬಿಟ್ಟ ಹತ್ತು ನಿಮಿಷಕ್ಕೆ ನೆಲವೇ ಬೇರೆಯಾಯಿತು. ಮರ ಇಲ್ಲ, ಮನೆ ಇಲ್ಲ. ಕಣ್ಣು ಹೋದಷ್ಟು ದೂರ ಹುಲ್ಲು. ನೆಲ ಚಪ್ಪಟೆಯಾಗಿಲ್ಲ, ಹೊದ್ದು ಮಲಗಿದವರ ಬೆನ್ನಿನ ಹಾಗೆ ಏರಿಳಿಯುತ್ತೆ. ಏಪ್ರಿಲ್‌ನಲ್ಲಿ ಇಲ್ಲಿಯವರು ಈ ಗುಡ್ಡಗಳಿಗೆ ಬೆಂಕಿ ಇಡುತ್ತಾರೆ. ಹಳೇ ಹುಲ್ಲು, ಮುಳ್ಳು, ಮೊಳೆತ ಮರದ ಸಸಿ ಎಲ್ಲ ಸುಟ್ಟು ಹೋಗುತ್ತೆ. ಆಮೇಲೆ ಬರುವ ಹಸಿರು ನಾವು ನೋಡಿದ್ದು. ನಾಟಿ ಮಾಡಿ ಹದಿನೈದು ದಿನವಾದ ಗದ್ದೆಯ ಹಸಿರು ಇರುತ್ತಲ್ಲ, ಅದೇ ಬಣ್ಣ. ಗಾಳಿ ಒಂದು ಕ್ಷಣವೂ ನಿಲ್ಲಲಿಲ್ಲ.

ಎದುರಿಗೆ ಬರುವ ಪಿಕಪ್ ಗಾಡಿಯವರೆಲ್ಲ ಸ್ಟೀರಿಂಗ್ ಮೇಲಿನಿಂದ ಒಂದು ಬೆರಳು ಎತ್ತುತ್ತಿದ್ದರು. ಮೊದಲು ಪುಟ್ಟಿಗೆ ಅರ್ಥವಾಗಲಿಲ್ಲ. ನಮ್ಮ ಗಾಡಿಗೆ ಏನೋ ಆಗಿದೆ ಅಂತ ಎರಡು ಸಲ ನಿಲ್ಲಿಸಿ ನೋಡಿದಳು. ಅದು ಇಲ್ಲಿಯವರ ನಮಸ್ಕಾರ. ಮೂರನೆಯ ಗಾಡಿಗೆ ನಾವೂ ಬೆರಳೆತ್ತಿದೆವು.

ಮ್ಯಾಟ್‌ಫೀಲ್ಡ್ ಗ್ರೀನ್ ದಾಟಿದೆವು. ಅಲ್ಲಿ ಈಗಿರುವುದು ಐವತ್ತರ ಆಸುಪಾಸು ಜನ. ಮುಂದೆ ಬಜಾರ್. ಹೆಸರು ಬಜಾರ್, ಅಂಗಡಿ ಒಂದೂ ಕಾಣಲಿಲ್ಲ. ಅಲ್ಲಿ ಪುಟ್ಟಿ ಗಾಡಿ ನಿಧಾನ ಮಾಡಿ ನೈರುತ್ಯದ ಗುಡ್ಡಗಳ ಕಡೆ ತೋರಿಸಿದಳು. 1931ರ ಮಾರ್ಚ್ 31ರಂದು ಅಲ್ಲಿ ಒಂದು ಪ್ರಯಾಣಿಕ ವಿಮಾನ ಬಿದ್ದು ಎಂಟು ಜನ ತೀರಿಕೊಂಡರು. ನೋಟರ್ ಡೇಮ್ ಕಾಲೇಜಿನ ಹೆಸರಾಂತ ಫುಟ್‌ಬಾಲ್ ಕೋಚ್ ಕ್ನೂಟ್ ರಾಕ್ನೆ ಅದರಲ್ಲಿದ್ದರು. ಆ ವಿಮಾನದ ರೆಕ್ಕೆ ಮರದ್ದು, ಅದು ಗಾಳಿಯಲ್ಲೇ ಮುರಿದಿತ್ತು. "ಆಮೇಲೆ ಎಲ್ಲರೂ ಲೋಹದ ವಿಮಾನಕ್ಕೆ ಬದಲಾದ್ರು ಅತ್ತೆ. ನಮ್ಮ ಮೊದಲನೇ ಸೆಮಿಸ್ಟರ್‌ನಲ್ಲೇ ಇದು ಪಾಠ" ಅಂದಳು. ಸ್ಮಾರಕ ಇರುವುದು ಖಾಸಗಿ ಜಮೀನಿನಲ್ಲಿ. ಅನುಮತಿ ಇಲ್ಲದೆ ಹೋಗುವ ಹಾಗಿಲ್ಲ. ರಸ್ತೆ ಬದಿಯಲ್ಲೇ ಐದು ನಿಮಿಷ ನಿಂತು ಬಂದೆವು.

ಸಂಜೆ ಆರಕ್ಕೆ ಕಾಟನ್‌ವುಡ್ ಫಾಲ್ಸ್ ತಲುಪಿದೆವು. ಊರಿಗೆ ಇರುವುದು ಒಂದೇ ಪೇಟೆ ಬೀದಿ, ಬ್ರಾಡ್‌ವೇ. ಇಟ್ಟಿಗೆ ಹಾಸಿದ ಅಗಲವಾದ ಬೀದಿ. ಎರಡೂ ಕಡೆ ಸುಣ್ಣಕಲ್ಲಿನ ಹಳೇ ಕಟ್ಟಡಗಳು. ಬೀದಿ ನೇರ ಹೋಗಿ ಒಂದು ಕಟ್ಟಡದ ಮುಂದೆ ನಿಂತುಬಿಡುತ್ತೆ. ಬಿಳಿ ಕಲ್ಲಿನ ಗೋಡೆ, ಕೆಂಪು ಮಾಡು, ಮೇಲೆ ಗಡಿಯಾರದ ಗೋಪುರ, ಅದರ ಮೇಲೆ ಬಾವುಟದ ಕಂಬ. ಇದೇ ಚೇಸ್ ಕೌಂಟಿಯ ಕಚೇರಿ. ನಮ್ಮಲ್ಲಿ ರಥಬೀದಿಯ ಕೊನೆಗೆ ದೇವಸ್ಥಾನ ಇರುವ ಜಾಗದಲ್ಲಿ ಇಲ್ಲಿ ಕಚೇರಿ ಇದೆ. ನಾನು ಇಟ್ಟಿಗೆ ಬೀದಿಯ ಮಧ್ಯದಲ್ಲೇ ನಿಂತು ನೋಡಿದೆ. ಹಿಂದಿನಿಂದ ಯಾರೂ ಹಾರ್ನ್ ಹೊಡೆಯಲಿಲ್ಲ. ಬರುವುದಕ್ಕೆ ಗಾಡಿಯೇ ಇರಲಿಲ್ಲ.

ಎರಡನೆಯ ದಿನ, ಶುಕ್ರವಾರ

ಕಚೇರಿ ಕೆಲಸ ನಡೆಯುವಾಗ ನೋಡಬೇಕೆಂದರೆ ಕೆಲಸದ ದಿನವೇ ಹೋಗಬೇಕು. ಮುಂದಿನ ಸೋಮವಾರ ಮೆಮೋರಿಯಲ್ ಡೇ ರಜೆ. ಹಾಗಾಗಿ ನಮಗಿದ್ದದ್ದು ಇದೊಂದೇ ದಿನ. ಬಾಗಿಲು ತೆಗೆದ ಕೂಡಲೇ ಒಳಗೆ ಹೋದೆವು.

ಈ ಕಟ್ಟಡ ಮುಗಿದದ್ದು 1873ರಲ್ಲಿ. ಕಾನ್ಸಾಸ್‌ನಲ್ಲಿ ಇವತ್ತಿಗೂ ಬಳಕೆಯಲ್ಲಿರುವ ಕೌಂಟಿ ಕೋರ್ಟ್ ಕಟ್ಟಡಗಳಲ್ಲಿ ಇದೇ ಅತಿ ಹಳೆಯದು. ನಕ್ಷೆ ಹಾಕಿದ್ದು ಜಾನ್ ಹ್ಯಾಸ್ಕೆಲ್. ರಾಜಧಾನಿ ಟೊಪೀಕಾದ ಶಾಸನಸಭೆ ಕಟ್ಟಡ ಶುರು ಮಾಡಿದ್ದೂ ಅವರೇ. ಖರ್ಚು ಸುಮಾರು 42,600 ಡಾಲರ್. ನೆಲದಿಂದ ಬಾವುಟದ ಕಂಬದ ತುದಿವರೆಗೆ 113 ಅಡಿ. ಇದಕ್ಕೆಲ್ಲ ತೆರಿಗೆ ಕಟ್ಟಿದವರು ಎಷ್ಟು ಜನ ಗೊತ್ತಾ? 1870ರ ಗಣತಿಯಲ್ಲಿ ಇಡೀ ಕೌಂಟಿಯಲ್ಲಿದ್ದದ್ದು 1,975 ಜನ. ಎಷ್ಟೋ ಜನ ಇನ್ನೂ ಮರದ ಗುಡಿಸಲಿನಲ್ಲಿದ್ದ ಕಾಲ ಅದು. ಅವರು ಸೇರಿ ಇಂಥ ಕಚೇರಿ ಕಟ್ಟಿಸಿದರು.

ಒಳಗಿನ ಸುರುಳಿ ಮೆಟ್ಟಿಲು ನೋಡಲೇಬೇಕು. ಪೂರ್ತಿ ಕಪ್ಪು ವಾಲ್‌ನಟ್ ಮರದ್ದು. ಮರ ಸಿಕ್ಕಿದ್ದು ಇಲ್ಲೇ ಕಾಟನ್‌ವುಡ್ ಹೊಳೆಯ ದಂಡೆಯಲ್ಲಿ. ಕಟಕಟೆಯ ಮೇಲೆ ಕೈ ಇಟ್ಟರೆ ಗಾಜಿನಷ್ಟು ನುಣುಪು. ಒಂದೂವರೆ ಶತಮಾನದಿಂದ ಜನ ಹಿಡಿದು ಹಿಡಿದು ಹಾಗಾಗಿದೆ. ಮೆಟ್ಟಿಲ ಮಧ್ಯದಲ್ಲಿ ಮರ ಸವೆದು ಸ್ವಲ್ಪ ತಗ್ಗಾಗಿದೆ. ನನ್ನ ಕಾಲು ತಾನಾಗೇ ಆ ತಗ್ಗಿಗೆ ಹೋಗಿ ಕೂರುತ್ತಿತ್ತು. ಎರಡನೆಯ ಮಹಡಿಯಲ್ಲಿ ಕೋರ್ಟ್ ಹಾಲ್. ಅದರ ಮೇಲೆ ಹಳೇ ಜೈಲು, ಗೋಡೆ ತುಂಬ ಕೈದಿಗಳು ಗೀಚಿದ ಹೆಸರು. ತುದಿಯಲ್ಲಿ ಮೊಟ್ಟೆ ಆಕಾರದ ಒಂದು ಕಿಟಕಿ. ಅಲ್ಲಿಂದ ಬ್ರಾಡ್‌ವೇ ಪೂರ್ತಿ ಕಾಣುತ್ತೆ. ಬೀದಿ ಮುಗಿದ ಕಡೆ ಮರಗಳು, ಅದರಾಚೆ ಹೊಳೆ, ಆಮೇಲೆ ಗುಡ್ಡ.

ಕೆಳಗೆ ಬಂದು ಜಮೀನು ದಾಖಲೆಯ ವಿಭಾಗಕ್ಕೆ ಹೋದೆ. ಅಲ್ಲಿ ಕೂತಿದ್ದ ಹೆಂಗಸಿಗೆ ನನ್ನ ಕೆಲಸದ ವಿಷಯ ಹೇಳಿದೆ. ಆಕೆ ಎದ್ದು ಬಂದು ನನ್ನ ಕೈ ಕುಲುಕಿದರು. "ಹಾಗಾದರೆ ನೀವು ನಮ್ಮವರೇ" ಅಂದರು. ಇಲ್ಲಿ ಜಮೀನಿನ ಪುಸ್ತಕ ಯಾರು ಬೇಕಾದರೂ ಕೇಳಿ ನೋಡಬಹುದು. ಆಕೆ ಕಬ್ಬಿಣದ ಕಪಾಟಿನಿಂದ ಒಂದು ಸಂಪುಟ ಎಳೆದು ಮೇಜಿನ ಮೇಲಿಟ್ಟರು. ಪುಸ್ತಕ ಮಲಗಿಸಿಟ್ಟಿರುತ್ತಾರೆ. ಎಳೆಯಲು ಸುಲಭವಾಗಲಿ ಅಂತ ಅಡಿಯಲ್ಲಿ ಕಬ್ಬಿಣದ ಉರುಳೆಗಳಿವೆ. ತೂಕ ಐದಾರು ಕಿಲೋ ಇರಬೇಕು. ತೆರೆದ ಕೂಡಲೇ ಬಂದ ವಾಸನೆ ಮಾತ್ರ ನಮ್ಮ ರೆಕಾರ್ಡ್ ರೂಮಿನದ್ದೇ. ಹಳೇ ಕಾಗದ, ಅಂಟು, ಒಂದಿಷ್ಟು ಧೂಳು. ನನಗೆ ಗಂಟಲು ಕಟ್ಟಿ ಬಂತು.

ಇಲ್ಲಿ ಸರ್ವೆ ನಂಬರಿನ ಬದಲು ಸೆಕ್ಷನ್ ಲೆಕ್ಕ. ಒಂದು ಸೆಕ್ಷನ್ ಅಂದರೆ 640 ಎಕರೆ. ಅದರ ಕಾಲು ಭಾಗ 160 ಎಕರೆ. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಬಂದು ಉತ್ತವನಿಗೆ ಸಿಗುತ್ತಿದ್ದದ್ದು ಆ 160 ಎಕರೆ. ಆಕೆ ಬೆರಳಿಟ್ಟು ತೋರಿಸಿದರು. ಒಂದೇ ಸೆಕ್ಷನ್‌ನಲ್ಲಿ ಮೊದಲು ನಾಲ್ಕು ಕುಟುಂಬದ ಹೆಸರು. ಮುಂದಿನ ಪುಟಗಳಲ್ಲಿ ಎರಡು. ಆಮೇಲೆ ಒಂದು. ಇನ್ನೂ ಮುಂದೆ ಹೋದರೆ ಅದೇ ಒಂದು ಹೆಸರು ಪಕ್ಕದ ಸೆಕ್ಷನ್‌ನಲ್ಲೂ ಇದೆ.

"ಉಳುವ ಹಾಗಿದ್ದರೆ 160 ಎಕರೆ ಸಾಕಾಗುತ್ತಿತ್ತು. ಇಲ್ಲಿ ಹೊಳೆ ಪಕ್ಕ ಬಿಟ್ಟರೆ ಎಲ್ಲಿ ಉಳೋದು? ಅಡಿಗೆಲ್ಲ ಕಲ್ಲು. ದನ ಮೇಯಿಸೋದಕ್ಕೆ 160 ಎಕರೆ ಏನೇನೂ ಸಾಲದು. ಅದಕ್ಕೇ ಮಾರಿ ಹೋದರು."

ಚೇಸ್ ಕೌಂಟಿಯ ಜನಸಂಖ್ಯೆಯ ಕಥೆ ಇದೇ. 1900ರಲ್ಲಿ ಇಲ್ಲಿ 8,200ಕ್ಕೂ ಜಾಸ್ತಿ ಜನ ಇದ್ದರು. 2020ರಲ್ಲಿ 2,572. ಜಾಗ 778 ಚದರ ಮೈಲಿ, ಅಂದರೆ ಒಂದು ಚದರ ಮೈಲಿಗೆ ಮೂರು ಚಿಲ್ಲರೆ ಜನ. ಮೂರರಲ್ಲಿ ಎರಡು ಪಾಲು ಖಾಲಿಯಾಯಿತು. ಆದರೆ ಕಾಟನ್‌ವುಡ್ ಫಾಲ್ಸ್ ಮಾತ್ರ 1900ರಲ್ಲೂ ಎಂಟುನೂರು ಚಿಲ್ಲರೆ, ಈಗಲೂ ಎಂಟುನೂರು ಚಿಲ್ಲರೆ. ನಡುವೆ ಸ್ವಲ್ಪ ಏರಿ ಇಳಿಯಿತು ಅಷ್ಟೇ. 2000ರಲ್ಲಿ 966, 2010ರಲ್ಲಿ 903, ಈಗ 851. ಸುತ್ತ ಎಲ್ಲ ಬರಿದಾದರೂ ಈ ಊರು ಹೇಗೆ ಉಳಿಯಿತು? ನನಗೆ ಅನ್ನಿಸಿದ್ದು, ಕಚೇರಿಯಿಂದ. ರೈಲು 1871ರ ಹೊತ್ತಿಗೆ ಬಂದಾಗ ಈ ಊರಿಗೆ ಬರಲಿಲ್ಲ. ಹೊಳೆಯಾಚೆ ಉತ್ತರದ ದಡದಲ್ಲಿ ಹೋಯಿತು. ಅಲ್ಲಿ ಇನ್ನೊಂದು ಊರು ಬೆಳೆಯಿತು, ಸಾಂಟಾ ಫೆ ರೈಲ್ವೆಯ ಅಧ್ಯಕ್ಷರ ಹೆಸರಲ್ಲಿ ಸ್ಟ್ರಾಂಗ್ ಸಿಟಿ. ಇಂಥ ಕಡೆಯೆಲ್ಲ ಕಚೇರಿ ರೈಲಿನ ಹಿಂದೆ ಹೋಗುವುದು ವಾಡಿಕೆ. ಆದರೆ ಆ ಊರು ಬೆಳೆಯುವ ಹೊತ್ತಿಗೆ ಇಲ್ಲಿ ಕಲ್ಲಿನ ಕಟ್ಟಡ ಎದ್ದು ನಿಂತಿತ್ತು. ಇವತ್ತು ಸ್ಟ್ರಾಂಗ್ ಸಿಟಿಯಲ್ಲಿ ನಾನೂರಕ್ಕಿಂತ ಕಡಿಮೆ ಜನ. ರೈಲು ಓಡುತ್ತೆ, ನಿಲ್ಲುವುದಿಲ್ಲ.

ಕಚೇರಿ ಯಾವ ಊರಿಗೆ ಅಂತ ಕೊಲೆಗಳೇ ಆದ ರಾಜ್ಯ ಇದು. ಅದರ ಎಳೆಯೊಂದು ಇದೇ ಊರಿಗೆ ಬಂದು ಸೇರುತ್ತೆ. ಸ್ಯಾಮುಯೆಲ್ ವುಡ್ ಅಂತ ಒಬ್ಬರಿದ್ದರು. ಗುಲಾಮಗಿರಿಯ ವಿರುದ್ಧ ಹೋರಾಡಲೆಂದೇ 1854ರಲ್ಲಿ ಕಾನ್ಸಾಸ್‌ಗೆ ಬಂದವರು. 1859ರಲ್ಲಿ ಈ ಕೌಂಟಿ ಆಗಲು ಕಾರಣರಾದವರಲ್ಲಿ ಮುಖ್ಯರು. ಇಲ್ಲಿ ಪತ್ರಿಕೆ ಮಾಡಿದರು. 1867ರಲ್ಲಿ ಹೆಂಗಸರಿಗೆ ಮತ ಕೊಡಬೇಕು ಅಂತ ಶಾಸನಸಭೆಯಲ್ಲಿ ಓಡಾಡಿದರು. ವಯಸ್ಸಾದ ಮೇಲೆ ರಾಜ್ಯದ ನೈರುತ್ಯ ಮೂಲೆಯ ಸ್ಟೀವನ್ಸ್ ಕೌಂಟಿಗೆ ಹೋಗಿ ತಮ್ಮ ಹೆಸರಿನಲ್ಲೇ ವುಡ್ಸ್‌ಡೇಲ್ ಅನ್ನುವ ಊರು ಕಟ್ಟಿದರು. ಕೌಂಟಿ ಕೇಂದ್ರ ವುಡ್ಸ್‌ಡೇಲ್ ಆಗಬೇಕೋ ಹ್ಯೂಗೋಟನ್ ಆಗಬೇಕೋ ಅನ್ನುವ ಜಗಳದಲ್ಲಿ 1888ರಲ್ಲಿ ನಾಲ್ಕು ಜನರನ್ನು ಹುಲ್ಲುಗಾವಲಿನಲ್ಲಿ ಗುಂಡಿಟ್ಟು ಕೊಂದರು. 1891ರ ಜೂನ್‌ನಲ್ಲಿ ಹ್ಯೂಗೋಟನ್‌ನಲ್ಲೇ ವುಡ್ ಅವರ ಕೊಲೆಯಾಯಿತು. ಕೊಂದವನಿಗೆ ಶಿಕ್ಷೆ ಆಗಲಿಲ್ಲ. ವುಡ್ಸ್‌ಡೇಲ್ ಇವತ್ತು ಇಲ್ಲ.

ನಮ್ಮಲ್ಲೂ ಹೊಸ ತಾಲ್ಲೂಕು ಘೋಷಣೆಯಾದಾಗ ಬಂದ್, ಧರಣಿ ನೋಡಿದವಳು ನಾನು. ಕಚೇರಿ ಬಂದರೆ ಹೋಟೆಲ್ ಬರುತ್ತೆ, ವಕೀಲರು ಬರುತ್ತಾರೆ, ಹೈಸ್ಕೂಲ್ ಬರುತ್ತೆ. ಇಲ್ಲಿಯವರೂ ಅದನ್ನೇ ಕಂಡಿದ್ದರು.

ಮಧ್ಯಾಹ್ನ ಊಟಕ್ಕೆ ಹೋದಾಗ ಎರಡು ಗಂಟೆ ಹತ್ತಿರವಾಗಿತ್ತು. ಇಲ್ಲಿ ಎರಡಕ್ಕೆ ಅಡುಗೆಮನೆ ಮುಚ್ಚುತ್ತಾರೆ. ಅದರೊಳಗೆ ಹೋಗಬೇಕು. ದನ ಸಾಕುವವರ ನಾಡು, ಎಲ್ಲದರಲ್ಲೂ ಬೀಫ್ ಇರುತ್ತೆ. ನಾನು ತಿನ್ನುವುದಿಲ್ಲ ಅಂದದ್ದಕ್ಕೆ ಬಡಿಸುವ ಹುಡುಗಿ ಬೇಜಾರು ಮಾಡಿಕೊಳ್ಳದೆ ಚೀಸ್ ಸ್ಯಾಂಡ್‌ವಿಚ್ ಸುಟ್ಟು ಕೊಟ್ಟಳು. ಪುಟ್ಟಿ ತಗೊಂಡದ್ದು ಕಾನ್ಸಾಸ್‌ನವರ ವಿಶೇಷ ಜೋಡಿ. ಚಿಲಿ ಅನ್ನುವ ಖಾರದ ಮಾಂಸದ ಗೊಜ್ಜು ಒಂದು ಬಟ್ಟಲು, ಪಕ್ಕದಲ್ಲಿ ಸಿಹಿ ದಾಲ್ಚಿನ್ನಿ ರೋಲ್. ಶಾಲೆಯ ಮಧ್ಯಾಹ್ನದ ಊಟದಿಂದ ಬಂದ ಅಭ್ಯಾಸ ಅಂತೆ. ಖಾರಾಬಾತ್ ಜೊತೆ ಕೇಸರಿಬಾತ್ ಇಟ್ಟ ಹಾಗೆ. ಕೊನೆಗೆ ರೂಬಾರ್ಬ್ ಪೈ. ಅದು ಹುಳಿ ದಂಟು, ಪುಂಡಿ ಸೊಪ್ಪಿನಷ್ಟು ಹುಳಿ. ಸಕ್ಕರೆ ಹಾಕಿ ಬೇಯಿಸಿ ಹಿಟ್ಟಿನ ಒಳಗೆ ತುಂಬುತ್ತಾರೆ. ಇಬ್ಬರೂ ಎರಡೆರಡು ತುಂಡು ತಿಂದೆವು.

ಸಂಜೆ ಬ್ರಾಡ್‌ವೇಯಲ್ಲಿ ಜನ ಮಡಚುವ ಕುರ್ಚಿ ತಂದು ಕೂತಿದ್ದರು. ಗಿಟಾರ್, ಪಿಟೀಲು, ಬ್ಯಾಂಜೊ ಇದ್ದವರು ಗುಂಪಾಗಿ ನುಡಿಸುತ್ತಿದ್ದರು. ಟಿಕೆಟ್ ಇಲ್ಲ, ಮೈಕ್ ಇಲ್ಲ. ನಮಗೂ ಎರಡು ಕುರ್ಚಿ ಕೊಟ್ಟರು. ಒಂಬತ್ತಾದರೂ ಬೆಳಕಿತ್ತು. ಆಮೇಲೆ ಪಶ್ಚಿಮದಲ್ಲಿ ಕಪ್ಪು ಮೋಡ ಎದ್ದಿತು. ಒಬ್ಬ ಅಜ್ಜ ಆಕಾಶ ನೋಡಿ ಪಿಟೀಲು ಪೆಟ್ಟಿಗೆಗೆ ಹಾಕಿದರು. ಎಲ್ಲರೂ ಕುರ್ಚಿ ಮಡಚಿದರು. ಹತ್ತು ನಿಮಿಷಕ್ಕೆ ಸರಿಯಾಗಿ ಮಳೆ ಬಿತ್ತು. ಬೆಳಗಿನವರೆಗೂ ಗುಡುಗು.

ಮೂರನೆಯ ದಿನ, ಶನಿವಾರ

ಮಳೆ ತೊಳೆದ ಬೆಳಗು. ಊರಿನ ಉತ್ತರಕ್ಕೆ ಕೆಲವೇ ಮೈಲಿ ದೂರದಲ್ಲಿ ಟಾಲ್‌ಗ್ರಾಸ್ ಪ್ರೇರಿ ರಾಷ್ಟ್ರೀಯ ಸಂರಕ್ಷಿತ ಪ್ರದೇಶವಿದೆ. ಸುಮಾರು 11,000 ಎಕರೆ, 1996ರಲ್ಲಿ ಶುರುವಾದದ್ದು. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ಒಂದು ಕಾಲಕ್ಕೆ ಉತ್ತರ ಅಮೆರಿಕದ ಮಧ್ಯದಲ್ಲಿ 17 ಕೋಟಿ ಎಕರೆ ಎತ್ತರದ ಹುಲ್ಲುಗಾವಲು ಇತ್ತು. ಈಗ ಉಳಿದಿರುವುದು ನೂರಕ್ಕೆ ನಾಲ್ಕು ಪಾಲೂ ಇಲ್ಲ. ಅದರಲ್ಲಿ ಹೆಚ್ಚಿನದು ಫ್ಲಿಂಟ್ ಹಿಲ್ಸ್ ಅನ್ನುವ ಈ ಗುಡ್ಡಗಳಲ್ಲಿದೆ. ಫ್ಲಿಂಟ್ ಅಂದರೆ ಚಕಮಕಿ ಕಲ್ಲು. ಸುಣ್ಣಕಲ್ಲಿನ ಪದರಗಳ ನಡುವೆ ಚಕಮಕಿ ಕಲ್ಲು ಸೇರಿಕೊಂಡಿದೆ. ನೇಗಿಲು ಇಳಿಯಲಿಲ್ಲ, ಹುಲ್ಲು ಉಳಿಯಿತು. ಹುಲ್ಲು ಉಳಿದದ್ದಕ್ಕೆ ದನ ಬಂತು. ದನಕ್ಕೆ ಜಾಗ ಬೇಕಾಗಿ ಜನ ಕಡಿಮೆಯಾದರು. ನಿನ್ನೆ ಪುಸ್ತಕದಲ್ಲಿ ಓದಿದ್ದು ಇವತ್ತು ಕಾಲ ಕೆಳಗಿತ್ತು.

1881ರಲ್ಲಿ ಸ್ಟೀಫನ್ ಜೋನ್ಸ್ ಅನ್ನುವ ದನದ ಸಾಹುಕಾರರು ಕಟ್ಟಿಸಿದ ಹನ್ನೊಂದು ಕೋಣೆಯ ಕಲ್ಲಿನ ಮನೆ, ಮೂರು ಅಂತಸ್ತಿನ ಕೊಟ್ಟಿಗೆ ಎರಡೂ ಗಟ್ಟಿಮುಟ್ಟಾಗಿವೆ. ಗುಡ್ಡದ ಮೇಲೆ ಒಂಟಿಯಾಗಿ ಲೋಯರ್ ಫಾಕ್ಸ್ ಕ್ರೀಕ್ ಶಾಲೆ. 1882ರ ಒಂದೇ ಕೋಣೆಯ ಕಟ್ಟಡ. 1930ರಲ್ಲಿ ಮುಚ್ಚಿತು. ಕಿಟಕಿಯಿಂದ ಒಳಗೆ ನೋಡಿದರೆ ಬೆಂಚು, ಒಲೆ, ಕರಿಹಲಗೆ. ಹೊರಗೆ ನಾಲ್ಕೂ ದಿಕ್ಕಿಗೆ ಒಂದು ಮನೆಯೂ ಇಲ್ಲ. ಮಕ್ಕಳು ಎಲ್ಲಿಂದ ನಡೆದು ಬರುತ್ತಿದ್ದರು ಅಂತ ಪುಟ್ಟಿ ಸುತ್ತ ತಿರುಗಿ ಹುಡುಕಿದಳು.

ಹುಲ್ಲು ಇನ್ನೂ ಮೊಣಕಾಲಿಗೆ ಬಂದಿರಲಿಲ್ಲ. ಸೆಪ್ಟೆಂಬರ್‌ಗೆ ಬಿಗ್ ಬ್ಲೂಸ್ಟೆಮ್ ಅನ್ನುವ ಹುಲ್ಲು ಆಳೆತ್ತರ ಆಗುತ್ತಂತೆ. ಬೇರು ಹತ್ತು ಅಡಿ ಆಳಕ್ಕೂ ಹೋಗುತ್ತೆ ಅಂತ ಅರಣ್ಯ ರಕ್ಷಕಿಯಂತೆ ಟೋಪಿ ಹಾಕಿದ್ದ ರೇಂಜರ್ ಹೇಳಿದರು. ದೂರದಲ್ಲಿ ಬೈಸನ್ ಹಿಂಡು ಮೇಯುತ್ತಿತ್ತು. ಕರುಗಳು ಇಟ್ಟಿಗೆ ಬಣ್ಣ, ತಾಯಂದಿರು ಕಡುಕಂದು. 2009ರಲ್ಲಿ ಸೌತ್ ಡಕೋಟಾದಿಂದ 13 ತಂದು ಬಿಟ್ಟರು, ಈಗ ನೂರರ ಆಸುಪಾಸು. ನೂರು ಗಜ ದೂರ ಇರಬೇಕು ಅನ್ನುವುದು ನಿಯಮ. ಕಾಲುದಾರಿ ಅವುಗಳ ಜಾಗದೊಳಗೇ ಹೋಗುವುದರಿಂದ ನಾವು ಎರಡು ಸಲ ಹಿಂದೆ ಬಂದು ಸುತ್ತಿ ಹೋದೆವು. ಉದ್ದ ಪ್ಯಾಂಟ್ ಹಾಕಿ, ಅದರ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಿ. ನಾನು ಸೇರಿಸಿರಲಿಲ್ಲ. ಗಾಡಿಗೆ ಬಂದು ನೋಡಿದರೆ ಕಾಲಿಗೆ ಮೂರು ಉಣುಗು ಹತ್ತಿದ್ದವು.

ಅಲ್ಲಿಂದ ಕೌನ್ಸಿಲ್ ಗ್ರೋವ್‌ಗೆ ಹೋದೆವು. ಅದು ಪಕ್ಕದ ಕೌಂಟಿಯ ಕೇಂದ್ರ. ಚೇಸ್ ಕೌಂಟಿಯ ಕಥೆ ಪೂರ್ತಿ ಆಗಬೇಕಾದರೆ ಅಲ್ಲಿಗೆ ಹೋಗಲೇಬೇಕು. ಕಾನ್ಸಾಸ್ ಅನ್ನುವ ಹೆಸರು ಬಂದದ್ದು ಇಲ್ಲಿಯ ಮೂಲನಿವಾಸಿಗಳಾದ ಕಾನ್ಸಾ ಜನರಿಂದ. ಅವರನ್ನು ಕಾ ಅಂತಲೂ ಕರೆಯುತ್ತಾರೆ. 1846ರ ಒಪ್ಪಂದದ ನಂತರ ಅವರಿಗೆ ಉಳಿಸಿದ್ದು ಕೌನ್ಸಿಲ್ ಗ್ರೋವ್ ಸುತ್ತಲಿನ ಜಾಗ. ಆಮೇಲೆ ಅದನ್ನೂ ಕತ್ತರಿಸುತ್ತಾ ಬಂದರು. ಅವರ ಹುಡುಗರಿಗೆ ಅಂತ ಕಟ್ಟಿದ 1851ರ ಮಿಷನ್ ಶಾಲೆ ಈಗ ಮ್ಯೂಸಿಯಂ. ಒಳಗೆ ಓಡಾಡುತ್ತಾ ಒಂದು ವರ್ಷದ ಮುಂದೆ ನಿಂತುಬಿಟ್ಟೆ. 1873. ಆ ವರ್ಷ ಕಾ ಜನರನ್ನೆಲ್ಲ ಇಲ್ಲಿಂದ ಎಬ್ಬಿಸಿ ಈಗಿನ ಓಕ್ಲಹೋಮಾಕ್ಕೆ ಸಾಗಿಸಿದರು. ಅದೇ ವರ್ಷ ಕಾಟನ್‌ವುಡ್ ಫಾಲ್ಸ್‌ನಲ್ಲಿ ಕಚೇರಿಯ ಬಾಗಿಲು ತೆರೆಯಿತು.

ನಿನ್ನೆ ನಾನು ಪ್ರೀತಿಯಿಂದ ಮುಟ್ಟಿದ ಪುಸ್ತಕಗಳಲ್ಲಿ ಮೊದಲ ಮಾಲೀಕ ಅಂತ ಬರೆದಿರುವುದು ಅಮೆರಿಕ ಸರ್ಕಾರದ ಹೆಸರು. ಅದಕ್ಕಿಂತ ಹಿಂದಿನವರಿಗೆ ಅಲ್ಲಿ ಕಾಲಂ ಇಲ್ಲ. ದಾಖಲೆಯಲ್ಲಿ ಇಲ್ಲದವರಿಗೆ ಏನಾಗುತ್ತೆ ಅಂತ ಕೌಂಟರ್ ಹಿಂದೆ ಕೂತು ನಾನು ವರ್ಷಗಟ್ಟಲೆ ನೋಡಿದ್ದೇನೆ. ಮ್ಯೂಸಿಯಂ ಹೊರಗಿನ ಬೆಂಚಿನ ಮೇಲೆ ತುಂಬಾ ಹೊತ್ತು ಕೂತಿದ್ದೆ. ಪುಟ್ಟಿ ಏನೂ ಕೇಳಲಿಲ್ಲ. ನೀರಿನ ಬಾಟಲಿ ತಂದು ಪಕ್ಕದಲ್ಲಿಟ್ಟಳು.

ಹಿಂದೆ ಬರುವಾಗ ದೊಡ್ಡ ರಸ್ತೆ ಬಿಟ್ಟು ಜಲ್ಲಿ ರಸ್ತೆಗೆ ತಿರುಗಿದೆವು. ಇಳಿಬಿಸಿಲಿನಲ್ಲಿ ಗುಡ್ಡ ನೋಡುವ ಆಸೆ. ಏಳೆಂಟು ಮೈಲಿ ಹೋಗಿರಬೇಕು, ಹಿಂದಿನ ಟಯರ್ ಉಸ್ ಅಂದಿತು. ಇಳಿದು ನೋಡಿದರೆ ಚಕಮಕಿ ಕಲ್ಲಿನ ಚೂರು. ಬಾಚಿಯ ಬಾಯಿಯಷ್ಟು ಹರಿತ. ರಬ್ಬರನ್ನು ಉದ್ದಕ್ಕೆ ಸೀಳಿತ್ತು. ಡಿಕ್ಕಿ ತೆಗೆದರೆ ಸ್ಟೆಪ್ನಿ ಇಲ್ಲ. ಈ ಹೊಸ ಗಾಡಿಗಳಲ್ಲಿ ಸ್ಟೆಪ್ನಿ ಬದಲು ಗಾಳಿ ತುಂಬುವ ಪಂಪು, ಒಂದು ಡಬ್ಬಿ ಅಂಟು ಕೊಟ್ಟಿರುತ್ತಾರೆ. ಅಂಗೈಯಗಲದ ಸೀಳಿಗೆ ಅಂಟು ಯಾತಕ್ಕೂ ಬರುವುದಿಲ್ಲ. ಫೋನಿನಲ್ಲಿ ಸಿಗ್ನಲ್ ಇಲ್ಲ. ಫ್ಲಿಂಟ್ ಹಿಲ್ಸ್‌ಗೆ ಬರುವವರು ಮನೆಯಲ್ಲೇ ಡಿಕ್ಕಿ ತೆಗೆದು ಸ್ಟೆಪ್ನಿ ಇದೆಯಾ ನೋಡಿಕೊಳ್ಳಿ. ಜಲ್ಲಿ ರಸ್ತೆಯಲ್ಲಿ ನಿಧಾನ ಹೋಗಿ.

ಒಂದು ಗಂಟೆ ಕಾದ ಮೇಲೆ ಪಿಕಪ್ ಒಂದು ಬಂತು. ಎಪ್ಪತ್ತು ದಾಟಿದ ದನ ಸಾಕುವವರು, ಜೊತೆಗೆ ಒಂದು ನಾಯಿ. ನಾವು ಕೈ ತೋರಿಸುವ ಮೊದಲೇ ನಿಲ್ಲಿಸಿದರು. ಸೀಳು ನೋಡಿ ತಲೆಯಾಡಿಸಿದರು. ಮನೆಗೆ ಹೋಗಿ ಅದೇ ಅಳತೆಯ ಹಳೇ ಚಕ್ರ ತಂದು ಹಾಕಿಕೊಟ್ಟರು. ದುಡ್ಡು ಮುಟ್ಟಲಿಲ್ಲ. ಚಕ್ರವನ್ನು ನಾಳೆ ಊರಿನ ಪೆಟ್ರೋಲ್ ಬಂಕ್‌ನಲ್ಲಿ ಬಿಟ್ಟು ಹೋಗಿ ಅಂದರು.

ಚಕ್ರ ತಿರುಪುತ್ತಲೇ ಮಾತಾಡಿದರು. ಏಪ್ರಿಲ್‌ನಲ್ಲಿ ಬೇರೆ ರಾಜ್ಯಗಳಿಂದ ಲಾರಿಗಟ್ಟಲೆ ಎಳೆ ಹೋರಿ ಬರುತ್ತವೆ. ಈ ಹುಲ್ಲು ತಿಂದು ಮೂರು ತಿಂಗಳಲ್ಲಿ ದಿನಕ್ಕೆ ಎರಡು ಪೌಂಡ್ ಲೆಕ್ಕದಲ್ಲಿ ತೂಕ ಏರುತ್ತೆ. ಜುಲೈನಲ್ಲಿ ಹೊರಟು ಹೋಗುತ್ತವೆ. "ನನ್ನಪ್ಪನ ಕಾಲದಲ್ಲಿ ಈ ಕಣಿವೆಯಲ್ಲಿ ಹನ್ನೊಂದು ಮನೆ ಇತ್ತು. ಈಗ ನಾನು, ನನ್ನ ಹೆಂಡತಿ, ಈ ನಾಯಿ. ಮಗಳು ಕಾನ್ಸಾಸ್ ಸಿಟಿಯಲ್ಲಿ ನರ್ಸ್. ಬಾ ಅಂತಾಳೆ." ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. "ಹುಲ್ಲು ಚೆನ್ನಾಗಿದೆ ಈ ವರ್ಷ" ಅಂದು ಜಾಕ್ ಇಳಿಸಿದರು.

ನಾಲ್ಕನೆಯ ದಿನ, ಭಾನುವಾರ

ಬೆಳಗ್ಗೆ ಹೊಳೆಯ ಹತ್ತಿರ ಹೋದೆವು. 1914ರ ಹಳೇ ಕಾಂಕ್ರೀಟ್ ಸೇತುವೆ ಈಗ ನಡೆಯುವವರಿಗೆ ಮಾತ್ರ. ಪಕ್ಕದಲ್ಲಿ ಹಿಟ್ಟಿನ ಗಿರಣಿ ಕಾಲದ ಒಡ್ಡು. ಊರಿನ ಹೆಸರಿನಲ್ಲಿರುವ ಜಲಪಾತದ ಜಾಗದಲ್ಲಿ ಇವತ್ತು ನೀರು ಬೀಳುವುದು ಈ ಒಡ್ಡಿನ ಮೇಲಿನಿಂದಲೇ. ಶುಕ್ರವಾರದ ಮಳೆಗೆ ನೀರು ಕೆಂಪಾಗಿ ತುಂಬಿ ಬೀಳುತ್ತಿತ್ತು. ಇಬ್ಬರು ಹುಡುಗರು ಗಾಳ ಹಾಕಿ ಕೂತಿದ್ದರು. ಚಕ್ರ ಬದಲಿಸಿ ಬಂಕ್‌ನಲ್ಲಿ ಬಿಟ್ಟೆವು. ಯಾರದ್ದು ಅಂತ ಹೇಳುವ ಮೊದಲೇ ಅಲ್ಲಿಯವರಿಗೆ ಗೊತ್ತಿತ್ತು.

ಹೊರಡುವ ಮೊದಲು ಪ್ರೇರಿ ಗ್ರೋವ್ ಸ್ಮಶಾನಕ್ಕೆ ಹೋದೆವು. ಸ್ಯಾಮುಯೆಲ್ ವುಡ್ ಅವರನ್ನು ತಂದು ಮಣ್ಣು ಮಾಡಿದ್ದು ಅಲ್ಲಿ. ಖಾಲಿ ಇರುತ್ತೆ ಅಂದುಕೊಂಡಿದ್ದೆ. ನೋಡಿದರೆ ಗಾಡಿಗಳ ಸಾಲು. ಮೆಮೋರಿಯಲ್ ಡೇ ವಾರಾಂತ್ಯಕ್ಕೆ ಊರು ಬಿಟ್ಟವರೆಲ್ಲ ಬಂದು ತಮ್ಮವರ ಸಮಾಧಿಗೆ ಹೂ ಇಡುತ್ತಾರೆ. ವಿಚಿಟಾ, ಟೊಪೀಕಾ, ಇನ್ನೂ ದೂರದಿಂದ ಬಂದಿದ್ದರು. ಮೊಮ್ಮಕ್ಕಳಿಗೆ ಕಲ್ಲಿನ ಮೇಲಿನ ಹೆಸರು ಓದಿ ಹೇಳುತ್ತಿದ್ದರು. ಮೂರು ದಿನದಲ್ಲಿ ಕಂಡ ಜನರಿಗಿಂತ ಜಾಸ್ತಿ ಜನ ಆ ಒಂದು ಬೆಳಗ್ಗೆ ಅಲ್ಲಿದ್ದರು.

ವಯಸ್ಸಾದ ಹೆಂಗಸೊಬ್ಬರು ಗಾಡಿಯಿಂದ ಕಾಫಿಪುಡಿ ಡಬ್ಬಿಗಳನ್ನು ಇಳಿಸುತ್ತಿದ್ದರು. ಡಬ್ಬಿಗೆ ಬೆಳ್ಳಿ ಕಾಗದ ಸುತ್ತಿ, ಒಳಗೆ ಪಿಯೋನಿ ಹೂ. ಸೇವಂತಿಗೆಗಿಂತ ದೊಡ್ಡದು, ಗುಲಾಬಿ ಬಣ್ಣ, ಇರುವೆ ಮುತ್ತಿಕೊಂಡಿದ್ದವು. "ನೀವು ಯಾರ ಕಡೆಯವರು?" ಅಂತ ಕೇಳಿದರು. ನಾವು ಯಾರ ಕಡೆಯವರೂ ಅಲ್ಲ, ಸುಮ್ನೆ ಊರು ನೋಡಲು ಬಂದವರು ಅಂದೆ. "ಹಾಗಾದರೆ ಈ ಡಬ್ಬಿಗೆ ನೀರು ತುಂಬಿಸಿಕೊಡ್ತೀರಾ?" ಅಂದರು.

ಹದಿನಾಲ್ಕು ಡಬ್ಬಿ ಇದ್ದವು. ಪುಟ್ಟಿ ನಲ್ಲಿಯಿಂದ ನೀರು ತಂದಳು. ನಾನು ಹಿಡಿದುಕೊಂಡು ಆಕೆಯ ಹಿಂದೆ ಹೋದೆ. ಅಪ್ಪ, ಅಮ್ಮ, ಗಂಡ, ಹುಟ್ಟಿದ ವಾರಕ್ಕೇ ಹೋದ ಅಣ್ಣ. ಪ್ರತಿಯೊಬ್ಬರ ಬಗ್ಗೆ ಒಂದೊಂದು ಮಾತು. ಆಕೆ ಈ ಊರು ಬಿಟ್ಟು ಅರುವತ್ತು ವರ್ಷವಾಗಿತ್ತು. ಕೊನೆಯ ಡಬ್ಬಿ ಹಿಡಿದು ದೂರದ ಮೂಲೆಗೆ ನಡೆದರು. ಅಲ್ಲಿದ್ದದ್ದು ಅವರಿಗೆ ಒಂದೇ ಕೋಣೆಯ ಶಾಲೆಯಲ್ಲಿ ಪಾಠ ಹೇಳಿದ ಟೀಚರ್ ಸಮಾಧಿ. ಮದುವೆಯಾಗಿರಲಿಲ್ಲ, ಹಿಂದೆ ಯಾರೂ ಇಲ್ಲ. ಮೊದಲು ಆಕೆಯ ಅಮ್ಮ ಹೂ ಇಡುತ್ತಿದ್ದರಂತೆ, ಆಮೇಲೆ ಆಕೆ.

ಗಾಳಿ ಜೋರಾಗಿತ್ತು. ಇಟ್ಟ ಡಬ್ಬಿ ಎರಡು ಸಲ ಮಗುಚಿತು. ಪುಟ್ಟಿ ಬೇಲಿ ಹತ್ತಿರ ಹೋಗಿ ಒಂದು ದಪ್ಪ ಕಲ್ಲು ತಂದು ಡಬ್ಬಿಗೆ ಆನಿಸಿ ಇಟ್ಟಳು. ಮತ್ತೆ ಹೋಗಿ ಇನ್ನೊಂದು ತಂದಳು. ಆ ಊರಿನಲ್ಲಿ ಕಲ್ಲಿಗೆ ಬರ ಇಲ್ಲ.